ಮಣಿಪುರದ ಹುಡುಗನೂ ಸ್ಪೈಡರ್‌ಮ್ಯಾನೂ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಸಾಫ್ಟ್‌ವೇರ್ ಕ್ಷೇತ್ರ ಮತ್ತು ಗ್ರಾಮೀಣ ವಿದ್ಯಾರ್ಥಿಗಳಿಗೆ ಅವಕಾಶಗಳು' ಅಂತ ಅಚ್ಚಾಗಿದೆ. ಬೆಳಿಗ್ಗೆ ಒಂಬತ್ತನೇ ತರಗತಿ ಕೊಠಡಿಗೆ ಹೋಗಿ, "ನಾನು ಯಾವುದರ ಬಗ್ಗೆ ಮಾತಾಡಿದರೆ ನಿದ್ದೆ ಬರಲ್ಲ?" ಅಂತ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ "ಸ್ಪೈಡರ್‌ಮ್ಯಾನ್" ಅಂದ. ಎಲ್ಲರೂ ನಕ್ಕರು. ಮೇಷ್ಟ್ರು ಅವನನ್ನು ಗದರಿಸಲು ಹೋದರು. ನಾನೇ ತಡೆದೆ. ಯಾಕೆಂದರೆ ಅಚ್ಚಾಗಿರುವ ವಿಷಯ ಆ ಹುಡುಗ ಹೇಳಿದ ಹೆಸರಿನೊಳಗೇ ಇದೆ. ಹೇಗೆ ಅಂತ ಹೇಳುತ್ತೇನೆ.

ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1962ರಲ್ಲಿ. ಕಥೆ ಬರೆದವರು ಸ್ಟ್ಯಾನ್ ಲೀ, ಚಿತ್ರ ಬರೆದವರು ಸ್ಟೀವ್ ಡಿಟ್ಕೊ. ಪೀಟರ್ ಪಾರ್ಕರ್ ಹೈಸ್ಕೂಲಿನ ಹುಡುಗ, ಹೆಚ್ಚುಕಡಿಮೆ ನಿಮ್ಮ ವಯಸ್ಸಿನವನು. ಅಪ್ಪ ಅಮ್ಮ ಇಲ್ಲ, ದೊಡ್ಡಪ್ಪ ದೊಡ್ಡಮ್ಮ ಸಾಕಿದ್ದಾರೆ. ಕಳ್ಳನೊಬ್ಬನ ಕೈಯಲ್ಲಿ ದೊಡ್ಡಪ್ಪ ಸಾಯುತ್ತಾನೆ. ಇಷ್ಟು ನಿಮಗೆ ಸಿನಿಮಾದಿಂದ ಗೊತ್ತು. ಗೊತ್ತಿಲ್ಲದ್ದು ಮುಂದಿನದು. 1963ರ ಮಾರ್ಚ್ ತಿಂಗಳ ಹೆಸರಿನಲ್ಲಿ ಅವನದೇ ಪತ್ರಿಕೆಯ ಮೊದಲ ಸಂಚಿಕೆ ಬಂತು. ಅದರಲ್ಲಿ ಅವನ ಮನೆಯಲ್ಲಿ ಬಾಡಿಗೆಗೆ ದುಡ್ಡಿಲ್ಲ. ಮುಖವಾಡ ಹಾಕಿಕೊಂಡು ವೇದಿಕೆಯ ಮೇಲೆ ಒಂದು ಪ್ರದರ್ಶನ ಕೊಡುತ್ತಾನೆ, ಸಂಭಾವನೆಯಾಗಿ ಚೆಕ್ ಸಿಗುತ್ತದೆ. ಚೆಕ್ ಇರುವುದು ಸ್ಪೈಡರ್‌ಮ್ಯಾನ್ ಹೆಸರಿನಲ್ಲಿ! ಬ್ಯಾಂಕಿನವನು ಗುರುತಿನ ಚೀಟಿ ಕೇಳುತ್ತಾನೆ. ಗೋಡೆ ಹತ್ತಬಲ್ಲ ಹುಡುಗ ಬ್ಯಾಂಕಿನ ಕೌಂಟರ್ ದಾಟಲಾರದೆ ವಾಪಸ್ ಬರುತ್ತಾನೆ. ಆಧಾರ್ ಕಾರ್ಡಿನಲ್ಲಿ ಇನಿಷಿಯಲ್ ಹೊಂದಿಕೆಯಾಗದೆ ನಾಡಕಚೇರಿಗೆ ಅಲೆದಿರುವ ನಮ್ಮವರಿಗೆ ಈ ದೃಶ್ಯವನ್ನು ವಿವರಿಸಬೇಕಿಲ್ಲ.

ಆಮೇಲೆ ಅವನು ಮಾಡುವುದೇನು ಗೊತ್ತೆ? ಕೆಲಸ ಕೇಳಲು ಹೋಗುತ್ತಾನೆ. ಆಗ ನ್ಯೂಯಾರ್ಕಿನಲ್ಲಿ ಫೆಂಟಾಸ್ಟಿಕ್ ಫೋರ್ ಅಂತ ನಾಲ್ಕು ಜನ ವೀರರ ತಂಡ ಇತ್ತು, ದೊಡ್ಡ ಕಟ್ಟಡ, ದೊಡ್ಡ ಹೆಸರು. ಬಾಗಿಲು ತಟ್ಟಿ ಹೋದರೆ ಬೆಲೆ ಇರಲ್ಲ, ಕೈಚಳಕ ತೋರಿಸೋಣ ಅಂತ ಮೇಲಿನಿಂದ ನುಗ್ಗುತ್ತಾನೆ. ಅವರು ಮೈಮೇಲೆ ಬೀಳುತ್ತಾರೆ. ನಾಲ್ವರಿಗೂ ಸರಿಸಮಾನವಾಗಿ ಹೊಡೆದಾಡಿ, ಕೊನೆಗೆ "ನಿಮ್ಮ ತಂಡಕ್ಕೆ ಸೇರಿಸಿಕೊಳ್ಳಿ, ಸಂಬಳ ಎಷ್ಟು ಕೊಡ್ತೀರಿ?" ಅನ್ನುವ ಅರ್ಥದಲ್ಲಿ ಕೇಳುತ್ತಾನೆ. ಅವರು ಇಲ್ಲಿ ಯಾರಿಗೂ ಸಂಬಳ ಇಲ್ಲ, ಬಂದದ್ದೆಲ್ಲ ಸಂಶೋಧನೆಗೆ ಅನ್ನುತ್ತಾರೆ. ಹುಡುಗ ಕಿಟಕಿಯಿಂದ ಹಾರಿ ಹೊರಟುಹೋಗುತ್ತಾನೆ. ಬಾಡಿಗೆ ಕಟ್ಟುವುದು ಹೇಗೆ ಅಂತ ಆ ನಾಲ್ವರಲ್ಲಿ ಒಬ್ಬರೂ ಅವನನ್ನು ಕೇಳಲಿಲ್ಲ. ಅರವತ್ತು ವರ್ಷ ಹಿಂದಿನ ಈ ಪುಟಗಳನ್ನು ಮೊದಲ ಸಲ ನೋಡಿದಾಗ ನನಗೆ ಮಕ್ಕಳ ಕಥೆ ಅನ್ನಿಸಲಿಲ್ಲ. ನಮ್ಮ ತಾಲ್ಲೂಕಿನ ಹುಡುಗನೊಬ್ಬ ರೆಸ್ಯೂಮೆ ಹಿಡಿದು ಮಾನ್ಯತಾ ಟೆಕ್ ಪಾರ್ಕಿನ ಗೇಟಿನಲ್ಲಿ ನಿಂತ ಹಾಗೆ ಕಂಡಿತು.

ನೀವು ನೋಡಿರುವ 2017ರ 'ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್' ಸಿನಿಮಾದಲ್ಲೂ ಇದೇ ಎಳೆ ಇದೆ. ಹುಡುಗ ದಿನಾ ಮೆಸೇಜ್ ಕಳಿಸುತ್ತಾನೆ, ಇವತ್ತು ಇಂಥ ಒಳ್ಳೆಯ ಕೆಲಸ ಮಾಡಿದೆ, ಯಾವಾಗ ಕರೀತೀರಿ ಅಂತ. ಆ ಕಡೆಯಿಂದ ಉತ್ತರ ಇಲ್ಲ. ಟೋನಿ ಸ್ಟಾರ್ಕ್ ಕೊಟ್ಟ ಉಡುಪನ್ನು ಒಂದು ದಿನ ವಾಪಸ್ ಕಿತ್ತುಕೊಳ್ಳುತ್ತಾನೆ. ಹುಡುಗ ಮನೆಯಲ್ಲೇ ಹೊಲಿದುಕೊಂಡ ಹಳೆಯ ಬಟ್ಟೆಯಲ್ಲಿ ಹೋಗಿ ಕಳ್ಳನನ್ನು ಹಿಡಿಯುತ್ತಾನೆ. ಆಮೇಲೆ ಕರೆ ಬರುತ್ತದೆ, ಬಾ, ಅವೆಂಜರ್ಸ್ ಸೇರು ಅಂತ. ಅವನು ಬೇಡ ಅನ್ನುತ್ತಾನೆ. ಆ 'ಬೇಡ' ನನಗೆ ತುಂಬ ಇಷ್ಟ.

ಬ್ಯಾಟ್‌ಮ್ಯಾನ್ ಕಥೆಯಲ್ಲಿ ಹಾಗಿಲ್ಲ. 1940ರಲ್ಲಿ ಅವನ ಜೊತೆಗೆ ರಾಬಿನ್ ಬಂದ. ಸರ್ಕಸ್ಸಿನ ಹುಡುಗ, ಹಫ್ತಾ ವಸೂಲಿ ಮಾಡುವ ಗೂಂಡಾಗಳು ಅವನ ಅಪ್ಪ ಅಮ್ಮನನ್ನು ಕೊಲ್ಲಿಸಿರುತ್ತಾರೆ. ಬ್ಯಾಟ್‌ಮ್ಯಾನ್ ಕೂಡ ಚಿಕ್ಕಂದಿನಲ್ಲಿ ಕಣ್ಣೆದುರೇ ಅಪ್ಪ ಅಮ್ಮನನ್ನು ಕಳೆದುಕೊಂಡವನು. ಹುಡುಗನ ಮುಖದಲ್ಲಿ ತನ್ನ ಮುಖ ಕಂಡಿತು. ಮೇಣದ ಬತ್ತಿಯ ಬೆಳಕಿನಲ್ಲಿ ಪ್ರಮಾಣ ಮಾಡಿಸಿ, ಪಟ್ಟು ಕಲಿಸಿ, ಜೊತೆಗೆ ಸೇರಿಸಿಕೊಂಡ.

ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರು ಇದೇನು ಇವನು ಅಮೆರಿಕದ ಪುರಾಣ ಬಿಚ್ಚಿದ ಅಂತ ನೋಡುತ್ತಿದ್ದೀರಿ. ತಾಳಿ, ನಿಮ್ಮ ಪುರಾಣಕ್ಕೇ ಬಂದೆ. ಹೊಸ ಹುಡುಗ ಹೆಸರಾಂತ ವೀರನ ಎದುರು ನಿಂತು ನನ್ನನ್ನು ಒಪ್ಪಿಕೋ ಅನ್ನುವ ಕಥೆಯಲ್ಲಿ ಬಭ್ರುವಾಹನನನ್ನು ಮೀರಿಸಿದ್ದನ್ನು ನಾನು ಎಲ್ಲೂ ಕಂಡಿಲ್ಲ.

1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 'ಬಭ್ರುವಾಹನ' ಬಂದಾಗ ನಾನು ಹುಟ್ಟಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಆ ಸಿನಿಮಾ ಟೀವಿಯಲ್ಲಿ ಬಂದ ದಿನ ಅಡುಗೆ ತಡವಾಗುತ್ತಿತ್ತು. ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಇಬ್ಬರೂ ಯುದ್ಧಕ್ಕೆ ಮುಂಚೆ ಸವಾಲು ಹಾಕಿಕೊಳ್ಳುವ ಹಾಡನ್ನು ನಮ್ಮ ಕಡೆ ಆರ್ಕೆಸ್ಟ್ರಾದಲ್ಲಿ ಇವತ್ತೂ ಹಾಡಿಸುತ್ತಾರೆ. ಆ ಹಾಡಿನಲ್ಲಿ ಮುಖ ಒಂದೇ ಆದರೂ ದನಿ ಎರಡು. ಒಂದು ಪಿ.ಬಿ. ಶ್ರೀನಿವಾಸ್ ಅವರದು, ಇನ್ನೊಂದು ಸ್ವತಃ ರಾಜ್‌ಕುಮಾರ್ ಅವರದು. ಎಷ್ಟೋ ವರ್ಷ ರಾಜ್ ಅವರಿಗೆ ಹಾಡಿನ ದನಿಯಾಗಿದ್ದವರು ಪಿಬಿಎಸ್. ರಾಜ್ ತಮ್ಮ ಹಾಡು ತಾವೇ ಹಾಡುವುದು ರೂಢಿಯಾದದ್ದು 1974ರ 'ಸಂಪತ್ತಿಗೆ ಸವಾಲ್' ಆದಮೇಲೆ. ಅಂದರೆ ಹಳೆಯ ದನಿ, ಹೊಸ ದನಿ ಎದುರುಬದುರಾದ ಹಾಡು ಅದು. ಆ ಇಬ್ಬರು ದೊಡ್ಡವರ ನಡುವೆ ಯಾವ ಕಹಿಯೂ ಕೇಳಿಸುವುದಿಲ್ಲ, ಹಾಡು ಮಾತ್ರ ಬೆಂಕಿ.

ಕಥೆ ನಿಮಗೆ ಗೊತ್ತು, ಮಕ್ಕಳಿಗಾಗಿ ಹೇಳುತ್ತೇನೆ. ಅರ್ಜುನ ತೀರ್ಥಯಾತ್ರೆಯ ಕಾಲದಲ್ಲಿ ಮಣಿಪುರಕ್ಕೆ ಹೋಗಿ ರಾಜಕುಮಾರಿ ಚಿತ್ರಾಂಗದೆಯನ್ನು ಮದುವೆಯಾದ. ಹುಟ್ಟುವ ಮಗ ಅಲ್ಲಿಯ ಸಿಂಹಾಸನಕ್ಕೇ ಸೇರಬೇಕೆಂಬುದು ಅವಳ ತಂದೆಯ ಷರತ್ತು. ಒಪ್ಪಿ, ಮೂರು ವರ್ಷ ಇದ್ದು, ಹೊರಟುಬಂದ. ಮಗ ಅಪ್ಪನ ಹೆಸರು ಕೇಳಿಕೊಂಡು ಬೆಳೆದ. ಕುರುಕ್ಷೇತ್ರ ಯುದ್ಧವೆಲ್ಲ ಮುಗಿದ ಮೇಲೆ ಧರ್ಮರಾಯನ ಅಶ್ವಮೇಧದ ಕುದುರೆ ಮಣಿಪುರಕ್ಕೆ ಬಂತು, ಅದರ ಹಿಂದೆ ಅರ್ಜುನ ಬಂದ. ಬಭ್ರುವಾಹನ ಬಿಲ್ಲು ಹಿಡಿಯಲಿಲ್ಲ. ಚಿನ್ನ ರತ್ನ ಹೊರಿಸಿಕೊಂಡು, ಬ್ರಾಹ್ಮಣರನ್ನು ಮುಂದಿಟ್ಟುಕೊಂಡು ಅಪ್ಪನನ್ನು ಎದುರುಗೊಳ್ಳಲು ಹೋದ.

ಅರ್ಜುನ ಅವನನ್ನು ತಿರಸ್ಕರಿಸಿದ. ಯಾಕೆ ಅನ್ನುವುದಕ್ಕೆ ಎರಡು ಉತ್ತರ ಇವೆ. ನಾನು ಇವತ್ತು ಇಲ್ಲಿಗೆ ಬಂದಿರುವುದೇ ಈ ಎರಡು ಉತ್ತರಗಳ ವ್ಯತ್ಯಾಸ ಹೇಳುವುದಕ್ಕೆ.

ವ್ಯಾಸಭಾರತದ ಅರ್ಜುನ ಹೇಳುವುದು ಇಷ್ಟು: ನಾನು ಆಯುಧ ಹಿಡಿದು ನಿನ್ನ ನಾಡಿಗೆ ಬಂದಿದ್ದೇನೆ, ನೀನು ಕ್ಷತ್ರಿಯ, ಕಾಣಿಕೆ ತಂದದ್ದು ತಪ್ಪು, ನಾನು ಬರಿಗೈಯಲ್ಲಿ ಬಂದಿದ್ದರೆ ಇದು ಸರಿಯಾಗುತ್ತಿತ್ತು. ಮಾತು ಒರಟು, ಮನಸ್ಸು ಮುರಿಯುವಂಥದ್ದು. ಆದರೂ ಅವನು ಬೈದದ್ದು ಮಗ ಬಂದ ರೀತಿಯನ್ನು, ಮಗ ಮಾಡಿದ ಕೆಲಸವನ್ನು.

ಜೈಮಿನಿಯ ಕಥೆ ಬೇರೆ. ಅದನ್ನು ವಾರ್ಧಕ ಷಟ್ಪದಿಯಲ್ಲಿ ಕನ್ನಡಕ್ಕೆ ತಂದವನು ಲಕ್ಷ್ಮೀಶ, ನಮ್ಮ ನಾಟಕ, ಯಕ್ಷಗಾನ, ಸಿನಿಮಾಗಳೆಲ್ಲ ಈ ದಾರಿಯವೇ. ಇಲ್ಲಿ ಅರ್ಜುನ ಕಾಲಿಗೆ ಬಿದ್ದ ಮಗನನ್ನು ಒದೆಯುತ್ತಾನೆ. ನೀನು ನನಗೆ ಹುಟ್ಟಿದವನೇ ಅಲ್ಲ ಅಂತ ತಾಯಿಯ ಶೀಲದ ಮೇಲೆ ಮಾತಾಡುತ್ತಾನೆ. ಕೆಲಸದ ಮಾತೇ ಇಲ್ಲ. ಹುಟ್ಟಿನ ಮಾತು.

ಆ ಕ್ಷಣದಲ್ಲಿ ಅರ್ಜುನನ ಜೊತೆಗೆ ನಿಂತಿದ್ದವನು ಯಾರು ಗೊತ್ತೆ? ವೃಷಕೇತು, ಕರ್ಣನ ಮಗ. ಹಿಂದೊಮ್ಮೆ ಹಸ್ತಿನಾವತಿಯ ರಂಗದಲ್ಲಿ ಕರ್ಣನೆಂಬ ಹೊಸ ಹುಡುಗ ಬಂದು, ಅರ್ಜುನ ಮಾಡಿದ್ದನ್ನೆಲ್ಲ ನಾನೂ ಮಾಡುತ್ತೇನೆ ಅಂದು ಮಾಡಿ ತೋರಿಸಿದ. ಆಗ ಕೃಪಾಚಾರ್ಯರು ಕೇಳಿದ ಪ್ರಶ್ನೆ, ನಿನ್ನ ಕುಲ ಯಾವುದು, ನಿನ್ನ ತಂದೆ ತಾಯಿ ಯಾರು? ಕರ್ಣ ತಲೆ ತಗ್ಗಿಸಿದ. ಆ ಒಂದು ಪ್ರಶ್ನೆ ಅವನನ್ನು ದುರ್ಯೋಧನನ ಮಡಿಲಿಗೆ ಹಾಕಿತು, ಮುಂದೆ ಹದಿನೆಂಟು ದಿನ ಎಷ್ಟು ಹೆಣ ಬಿತ್ತು ನಿಮಗೆ ಗೊತ್ತು. ಯುದ್ಧ ಮುಗಿದ ಮೇಲೆ ಕರ್ಣ ತಮ್ಮ ಅಣ್ಣನೇ ಅಂತ ತಿಳಿದು, ಅವನ ಮಗನನ್ನು ಪಾಂಡವರು ಎದೆಗೆ ಹಚ್ಚಿಕೊಂಡರು. ಅಂಥ ಹುಡುಗನನ್ನು ಪಕ್ಕದಲ್ಲಿ ಇಟ್ಟುಕೊಂಡೇ ಅರ್ಜುನ ಸ್ವಂತ ಮಗನಿಗೆ ಅದೇ ಹಳೆಯ ಪ್ರಶ್ನೆ ಹಾಕಿದ. ಅಷ್ಟು ದೊಡ್ಡ ಯುದ್ಧ ಗೆದ್ದವನು ಅಷ್ಟು ಚಿಕ್ಕ ಪಾಠ ಕಲಿತಿರಲಿಲ್ಲ.

ಹೀಯಾಳಿಸಿಕೊಂಡ ಮಗ ಬಿಲ್ಲೆತ್ತಿದ. ವೃಷಕೇತು ಸತ್ತ, ಅರ್ಜುನನೂ ಸತ್ತ. ಗೆದ್ದವನಿಗೆ ಗೆದ್ದ ಸಂತೋಷವೂ ಇಲ್ಲ, ಒಪ್ಪಿಕೊಳ್ಳಬೇಕಾಗಿದ್ದವನೇ ಇಲ್ಲವಲ್ಲ. ಅಪ್ಪನನ್ನು ಬದುಕಿಸುವ ಮಣಿಗಾಗಿ ಹುಡುಗ ನಾಗಲೋಕದವರೊಡನೆ ಕಾದಾಡಿ ಮಣಿ ತಂದ. ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲಿಗೆ ಹಾಲೆರೆದು ಬೆಳೆದ ನಮ್ಮ ದೊಡ್ಡಬಳ್ಳಾಪುರದ ಕಡೆಯ ಅಜ್ಜಿಯರಿಗೆ ಕಥೆಯ ಈ ಭಾಗವೇ ಹೆಚ್ಚು ಪ್ರೀತಿ, ಉಲೂಪಿಯ ಹೆಸರು ಬಂದರೆ ಕೈಮುಗಿಯುತ್ತಿದ್ದರು. ವ್ಯಾಸಭಾರತದಲ್ಲಿ ಮಣಿಯನ್ನು ತರುವವಳು ಉಲೂಪಿಯೇ. ಅವಳೇ ಕಾರಣವನ್ನೂ ಹೇಳುತ್ತಾಳೆ. ಭೀಷ್ಮನನ್ನು ಅರ್ಜುನ ಶಿಖಂಡಿಯನ್ನು ಮುಂದಿಟ್ಟುಕೊಂಡು ಕೆಡವಿದ್ದ, ಆ ಪಾಪ ಹರಿಯಲು ಮಗನ ಕೈಯಲ್ಲೇ ಬೀಳಬೇಕಿತ್ತು ಅಂತ. ಅಂದರೆ ಪರೀಕ್ಷೆ ನಡೆದದ್ದು ಹೊಸಬನಿಗಲ್ಲ, ಹಳಬನಿಗೆ.

ಈಗ ನನ್ನ ಕೆಲಸದ ವಿಷಯ. ಸಾಫ್ಟ್‌ವೇರ್ ಕಂಪನಿಯಲ್ಲಿ ಹೊಸಬ ಬರೆದ ಕೋಡು ನೇರವಾಗಿ ಒಳಗೆ ಹೋಗುವುದಿಲ್ಲ. ಅನುಭವಸ್ಥರೊಬ್ಬರು ಸಾಲು ಸಾಲಾಗಿ ಓದಿ, ಇದು ಯಾಕೆ ಹೀಗೆ ಅಂತ ಕೇಳಿ, ಒಪ್ಪಿದರೆ ಮಾತ್ರ ಸೇರಿಸುತ್ತಾರೆ. ಇದಕ್ಕೆ ಕೋಡ್ ರಿವ್ಯೂ ಅಂತ ಹೆಸರು. ದಿನಾ ನಡೆಯುವ ಮಣಿಪುರದ ಪ್ರಸಂಗ ಅನ್ನಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಬ್ಬರು ಹಿರಿಯರ ಕೈಗೆ ಸಿಕ್ಕೆ. ಒಬ್ಬರು ನನ್ನ ಕೋಡಿನ ಮೊದಲ ಪುಟ ನೋಡಿ, ಎಲ್ಲರ ಎದುರು, "ಯಾವ ಮೀಡಿಯಂ ನೀನು?" ಅಂದರು. ಕೋಡಿಗೆ ಮೀಡಿಯಂ ಇರುವುದಿಲ್ಲ. ಇನ್ನೊಬ್ಬರು ಮೇಡಂ, ಮಧುರೈ ಕಡೆಯವರು. ಕೆಲಸ ಮಾಡುತ್ತಿದ್ದ ಕೋಡನ್ನೇ ಹನ್ನೊಂದು ಸಲ ವಾಪಸ್ ಕಳಿಸಿದರು. ಈ ಹೆಸರು ಅರ್ಥವಾಗುವುದಿಲ್ಲ, ಇಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಏನಾಗುತ್ತದೆ, ಇದನ್ನು ಆರು ತಿಂಗಳ ಮೇಲೆ ಬೇರೆಯವರು ಓದಬೇಕು, ಹೀಗೆ. ಹನ್ನೆರಡನೇ ಸಲ ಏನೂ ಹೇಳದೆ ಸೇರಿಸಿದರು. ಕಷ್ಟ ಕೊಟ್ಟವರು ಎರಡನೆಯವರು, ಅದರಲ್ಲಿ ಅನುಮಾನ ಬೇಡ. ಮೊದಲನೆಯವರದು ಒಂದೇ ವಾಕ್ಯ. ಆದರೆ ಹನ್ನೊಂದು ತಿರಸ್ಕಾರದಲ್ಲಿ ನನಗೆ ಒಂದು ಜಾಗ ಇತ್ತು, ಆ ಒಂದು ವಾಕ್ಯದಲ್ಲಿ ಇರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಅಣ್ಣಂದಿರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೆ ಲಿನಕ್ಸ್ ಅಂತ ಒಂದು ತಳಪಾಯ ಇದೆ. ಅದನ್ನು 1991ರಲ್ಲಿ ಶುರುಮಾಡಿದವರು ಲಿನಸ್ ಟೊರ್ವಾಲ್ಡ್ಸ್, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಆಗಿನ್ನೂ 21 ವರ್ಷದ ವಿದ್ಯಾರ್ಥಿ. ಆಮೇಲೆ ಲೋಕದ ಎಲ್ಲ ಕಡೆಯಿಂದ ಸಾವಿರಾರು ಜನ ಅದಕ್ಕೆ ಕೋಡು ಬರೆದು ಕಳಿಸುತ್ತಾ ಬಂದರು. ಲಿನಸ್ ಗುಣಮಟ್ಟದಲ್ಲಿ ಕಟ್ಟುನಿಟ್ಟು, ಅದಕ್ಕೇ ಲಿನಕ್ಸ್ ಅಷ್ಟು ಗಟ್ಟಿ. ಆದರೆ ಕೋಡಿನ ಜೊತೆಗೆ ಬರೆದವರನ್ನೂ ಸಾರ್ವಜನಿಕವಾಗಿ ಬೈಯುತ್ತಿದ್ದರು. 2018ರ ಸೆಪ್ಟೆಂಬರಿನಲ್ಲಿ ಅವರೇ ಬಹಿರಂಗವಾಗಿ ಪತ್ರ ಬರೆದು, ತಮ್ಮ ಮಾತಿನಿಂದ ನೊಂದವರ ಕ್ಷಮೆ ಕೇಳಿ, ಕೆಲವು ವಾರ ರಜೆ ಹಾಕಿ ಹೋದರು. ವಾಪಸ್ ಬಂದ ಮೇಲೂ ಕೆಟ್ಟ ಕೋಡನ್ನು ತಿರಸ್ಕರಿಸುವುದನ್ನು ಬಿಡಲಿಲ್ಲ, ಬಿಡಲೂಬಾರದು. ಅರ್ಜುನನನ್ನು ಎಬ್ಬಿಸಲು ನಾಗಮಣಿ ಬೇಕಾಯಿತು. ಇವರು ತಾವಾಗಿಯೇ ಎದ್ದರು, ಅದನ್ನು ನಾನು ದೊಡ್ಡದು ಅನ್ನುತ್ತೇನೆ.

ಮಕ್ಕಳೆ, ನೀವು ಮುಂದೆ ಪಿಯುಸಿ ಮುಗಿಸಿ ಸಿಇಟಿ ಬರೆಯುತ್ತೀರಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಕೋಟಾ, ಕನ್ನಡದಲ್ಲಿ ಓದಿದ್ದಕ್ಕೆ ಕನ್ನಡ ಮಾಧ್ಯಮ ಕೋಟಾ ಇದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಓ ಅವರ ಮೇಲುಸಹಿ ಬೇಕು, ಕೊನೆಯ ವಾರದವರೆಗೆ ಕಾಯಬೇಡಿ, ಕಚೇರಿಯಲ್ಲಿ ಸಾಲು ಇರುತ್ತದೆ. ಆ ಕಾಗದದಿಂದ ಸೀಟು ತೆಗೆದುಕೊಂಡ ನಮ್ಮ ಎಷ್ಟೋ ಜನ ಕಾಲೇಜಿಗೆ ಹೋದ ಮೇಲೆ ಅದೇ ಕಾಗದವನ್ನು ಬಚ್ಚಿಡುತ್ತಾರೆ. ಊರು ಕೇಳಿದರೆ "ಬೆಂಗಳೂರು" ಅಂದುಬಿಡುತ್ತಾರೆ. ಬೆಂಗಳೂರು ಗ್ರಾಮಾಂತರ ಅನ್ನುವುದರಲ್ಲಿ ಕೊನೆಯ ಪದ ನುಂಗುವುದು ಸುಲಭ ನೋಡಿ! ದೇವನಹಳ್ಳಿಯವರಾದರೆ "ಏರ್‌ಪೋರ್ಟ್ ಹತ್ತಿರ" ಅಂದರೆ ಆಯಿತು. ಹಾಗನ್ನುವವರನ್ನು ನಾನು ಬೈಯುವುದಿಲ್ಲ. ಕಾಲಿಗೆ ಬಿದ್ದು ಒದೆಸಿಕೊಂಡವರನ್ನು ನೋಡಿದವರು ಹುಷಾರಾಗುತ್ತಾರೆ. ನಾನು ಹೇಳುವುದು ಇಷ್ಟೆ. ಯಾರಾದರೂ ನಿಮ್ಮ ಕೆಲಸ ಚೆನ್ನಾಗಿಲ್ಲ ಅಂದರೆ, ಎಷ್ಟೇ ಒರಟಾಗಿ ಅಂದರೂ, ಕೂತು ಕೇಳಿ, ಎಲ್ಲಿ ಅಂತ ಕೇಳಿ, ಹನ್ನೆರಡು ಸಲ ಬೇಕಾದರೂ ತಿದ್ದಿ. ನೀನು ಎಲ್ಲಿಂದ ಬಂದೆ ಅಂತ ತೂಗಿ ನೋಡಿದರೆ ಅಲ್ಲಿ ತಿದ್ದಬೇಕಾದದ್ದು ನಿಮ್ಮಲ್ಲಿ ಏನೂ ಇಲ್ಲ. ಎರಡನ್ನೂ ಒಂದೇ ಅಂದುಕೊಂಡು ರಾತ್ರಿಯೆಲ್ಲ ಅಳುವವರನ್ನು ನಾನು ಹಾಸ್ಟೆಲ್ಲಿನಲ್ಲಿ ಕಂಡಿದ್ದೇನೆ. ಇಬ್ಬರು ಓದು ಬಿಟ್ಟು ಊರಿಗೆ ಹೋದರು. ಒಬ್ಬ ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದ.

ಇನ್ನು ನನ್ನ ವಾರಿಗೆಯವರೆ, ನಿಮ್ಮ ಕಡೆಗೆ ತಿರುಗುತ್ತೇನೆ. ನಮ್ಮ ಕಡೆ ಪೌರಾಣಿಕ ನಾಟಕ ಕಟ್ಟುವಾಗ ಪಾತ್ರಕ್ಕೆ ದುಡ್ಡು ಕೊಡಬೇಕು, ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ದುರ್ಯೋಧನನೋ ಕೃಷ್ಣನೋ ಒಂದೇ ಮನೆಯಲ್ಲಿ ಹದಿನೈದು ವರ್ಷ ಉಳಿದುಬಿಡುತ್ತಾನೆ. ಕಂಠ ಇರುವ ಬಡ ಹುಡುಗ ದೂತನ ಪಾತ್ರ ಮಾಡಿಕೊಂಡು ಪರದೆ ಎಳೆಯುತ್ತಿರುತ್ತಾನೆ. ಹಾರ್ಮೋನಿಯಂ ಮೇಷ್ಟ್ರಿಗೆ ಅವನ ಕಂಠ ಗೊತ್ತು, ಆದರೂ ಸುಮ್ಮನಿರುತ್ತಾರೆ. ಇದನ್ನು ನೋಡಿ ನಾವು ನಗುತ್ತೇವೆ. ನಮ್ಮ ಕಂಪನಿಗಳಲ್ಲಿ ಏನು ನಡೆಯುತ್ತಿದೆ? ಹತ್ತನೇ ತರಗತಿಯಿಂದ ಬಿ.ಇ. ತನಕ ಎಲ್ಲದರಲ್ಲೂ ಶೇಕಡಾ 60 ಇಲ್ಲದಿದ್ದರೆ ಅರ್ಜಿಯನ್ನೇ ತೆಗೆಯದ ಕಡೆಗಳಿವೆ. ಹದಿನೈದನೇ ವಯಸ್ಸಿನಲ್ಲಿ ಬೆಳಿಗ್ಗೆ ರೇಷ್ಮೆಹುಳಕ್ಕೆ ಸೊಪ್ಪು ಹಾಕಿ, ಸಂಜೆ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತಿ 58 ತೆಗೆದವನು ಆ ಗೇಟಿನಲ್ಲೇ ನಿಲ್ಲುತ್ತಾನೆ. ಈ ಶಾಲೆಯಿಂದ ಹೋದವರಲ್ಲಿ ಇವತ್ತು ಇಂಟರ್‌ವ್ಯೂ ಮೇಜಿನ ಒಳಗಡೆ ಕೂರುವವರು ನನಗೆ ತಿಳಿದ ಹಾಗೆ ಏಳು ಜನ ಇದ್ದೇವೆ. ಬ್ಯಾಂಕಿನಲ್ಲಿ, ಕಾರ್ಖಾನೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಹೊಸಬರ ಎದುರು ಕೂರುವವರು ಇನ್ನೂ ಇರಬಹುದು. ಇಂಗ್ಲಿಷಿನಲ್ಲಿ ತಡವರಿಸುವ ಹುಡುಗಿ ಎದುರಿಗೆ ಬಂದು ಕೂತಾಗ, ಮೊದಲ ಪ್ರಶ್ನೆ ಯಾವುದು ಅನ್ನುವುದು ನಮ್ಮ ಕೈಯಲ್ಲಿದೆ. ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಲೆಕ್ಕ ಕೊಡುತ್ತೇನೆ, ಯಾವ ಭಾಷೆಯಲ್ಲಿ ಬೇಕಾದರೂ ಬಿಡಿಸು, ಬೋರ್ಡಿನ ಮೇಲೆ ಬರೆ ಅನ್ನುತ್ತೇನೆ. ಲೆಕ್ಕ ಕಠಿಣವಾದದ್ದನ್ನೇ ಕೊಡುತ್ತೇನೆ, ಅದರಲ್ಲಿ ರಿಯಾಯಿತಿ ಇಲ್ಲ. ಊರು, ಕಾಲೇಜು ಕೊನೆಗೆ, ಅದೂ ಊಟ ಮಾಡಿದೆಯಾ ಅಂತ ಕೇಳಿದ ಮೇಲೆ.

ಹೀಗೆ ಒಬ್ಬೊಬ್ಬರೇ ಮಾಡಿದರೆ ಸಾಲದು ಅನ್ನಿಸಿ ನಾವು ಐದಾರು ಜನ ಮಾತಾಡಿಕೊಂಡು ಒಂದು ಏರ್ಪಾಡು ಮಾಡಿದ್ದೇವೆ. ಈ ಶಾಲೆಯಲ್ಲಿ ಓದಿ ಈಗ ಡಿಪ್ಲೊಮಾ, ಬಿ.ಇ., ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವವರಿಗೆ ತಿಂಗಳ ಎರಡನೇ ಶನಿವಾರ ಇದೇ ಕಟ್ಟಡದ ಕಂಪ್ಯೂಟರ್ ಕೊಠಡಿಯಲ್ಲಿ ಅಣಕು ಸಂದರ್ಶನ. ಬೈಯುತ್ತೇವೆ, ಬರೆದದ್ದನ್ನು ವಾಪಸ್ ಕೊಡುತ್ತೇವೆ, ಮತ್ತೆ ಬರೆಸುತ್ತೇವೆ. ಮುಖ್ಯೋಪಾಧ್ಯಾಯರು ಬೀಗದ ಕೈ ಕೊಡಲು ಒಪ್ಪಿದ್ದಾರೆ. ಎಂಟು ಕಂಪ್ಯೂಟರುಗಳಲ್ಲಿ ಮೂರು ನಡೆಯುತ್ತಿವೆ, ಉಳಿದವನ್ನು ನೋಡಲು ನನ್ನ ಗೆಳೆಯ ಮುಂದಿನ ವಾರ ಬರುತ್ತಾನೆ. ಕಲಿಸಲು ಬರುವ ಹಳೆಯ ವಿದ್ಯಾರ್ಥಿಗಳು ಹೆಸರು ಬರೆಸಲು ಒಂದು ನೋಟ್‌ಬುಕ್ಕನ್ನು ಧ್ವನಿವರ್ಧಕದವರ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇವೆ. ಸದ್ಯಕ್ಕೆ ಅದರಲ್ಲಿ ನಾಲ್ಕು ಹೆಸರಿವೆ. ಊಟದ ಸಾಲು ಅದೇ ದಾರಿಯಲ್ಲಿ ಹೋಗುತ್ತದೆ, ಪೆನ್ನು ಅಲ್ಲೇ ಕಟ್ಟಿದೆ.